ಚಾಲಕನಿಲ್ಲದ ವಿಮಾನಕ್ಕೆ ಯಾವ ಬಣ್ಣ?

ವಿಮಾನಗಳ ಪುಟ್ಟ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುವುದು ಬಹುಕಾಲದ ಹವ್ಯಾಸ. ಹುಡುಗರ ಆಟವಾಗಿ ಆರಂಭವಾದ ಈ ಕೆಲಸ ಎಷ್ಟೋ ಮನೆಗಳಲ್ಲಿ ಹಿರಿಯರ ವ್ರತವಾಗಿ ಮುಂದುವರಿದಿರುವುದುಂಟು. ಊಟದ ಮೇಜಿನ ಒಂದು ಮೂಲೆ ಅಂಟು, ಅರ, ಉಪ್ಪುಕಾಗದ, ಕೂದಲೆಳೆಯಂಥ ಕುಂಚಗಳಿಗೆ ಮೀಸಲಾಗುತ್ತದೆ. ಬಣ್ಣದ ವಾಸನೆಗೆ ಮನೆಯವರು ಮೂಗು ಮುಚ್ಚಿಕೊಂಡು ಓಡಾಡುತ್ತಾರೆ. ಕೊನೆಗೆ ಗಾಜಿನ ಕಪಾಟಿನಲ್ಲಿ ಅಂಗೈಯಗಲದ ಒಂದು ವಿಮಾನ ಬಂದು ನಿಂತಾಗ, ಗೊಣಗಿದವರೇ ಬಂದ ನೆಂಟರಿಗೆ ಅದನ್ನು ತೋರಿಸುತ್ತಾರೆ.

ಈ ಹವ್ಯಾಸದಲ್ಲಿ ಕಟ್ಟುನಿಟ್ಟಿನ ಒಂದು ಪಂಥವಿದೆ. ಅದರ ಅನುಯಾಯಿಗಳಿಗೆ ಮಾದರಿಯು ಅಂದವಾಗಿದ್ದರೆ ಸಾಲದು, ಇತಿಹಾಸಕ್ಕೆ ಸರಿಹೊಂದಬೇಕು. ‘ಇದು ಯಾವ ಜಾತಿಯ ವಿಮಾನ?’ ಎಂಬಲ್ಲಿಗೆ ಅವರ ಪ್ರಶ್ನೆ ಮುಗಿಯುವುದಿಲ್ಲ. ಆ ಜಾತಿಯಲ್ಲಿ ಯಾವ ಸಂಖ್ಯೆಯದು, ಯಾವ ದಿನ ಹೀಗಿತ್ತು ಎಂಬುದಕ್ಕೂ ಉತ್ತರ ಬೇಕು. ಒಂದೇ ವಿಮಾನ ಜನವರಿಯಲ್ಲಿ ಒಂದು ಬಣ್ಣ, ಜೂನ್ ತಿಂಗಳಲ್ಲಿ ಇನ್ನೊಂದು ಬಣ್ಣ ತಳೆದಿರಬಹುದು. ಆದುದರಿಂದ ನಿಷ್ಠಾವಂತನಾದ ಹವ್ಯಾಸಿಯು ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ತಾರೀಖನ್ನು ಗೊತ್ತುಮಾಡಿಕೊಳ್ಳುತ್ತಾನೆ.

ಸಾಮಾನ್ಯ ಯುದ್ಧವಿಮಾನಗಳ ವಿಷಯದಲ್ಲಿ ಇದು ಅಷ್ಟು ಕಷ್ಟವಲ್ಲ. ಚಾಲಕನಿದ್ದ ವಿಮಾನಕ್ಕೆ ಅವನ ದಿನಚರಿಯಿರುತ್ತದೆ. ವಿಮಾನದ ಮಗ್ಗುಲಲ್ಲಿ ನಿಂತು ತೆಗೆಸಿಕೊಂಡ ಭಾವಚಿತ್ರವಿರುತ್ತದೆ. ಮುಪ್ಪಿನಲ್ಲಿ ಬರೆದ ಆತ್ಮಕಥೆಯೂ ಇರಬಹುದು. ಚಾಲಕನಿಲ್ಲದ ಸೈನಿಕ ವಿಮಾನ, ಅಂದರೆ ಇಂದು ಎಲ್ಲರ ಬಾಯಲ್ಲಿ ಓಡಾಡುವ ಡ್ರೋನ್, ಇಂಥ ಯಾವ ಬಂಧುವನ್ನೂ ಬಿಟ್ಟುಹೋಗುವುದಿಲ್ಲ. ಅದರ ಒಳಗೆ ಕುಳಿತು ಹೋಗಿಬಂದವರೇ ಇಲ್ಲವಲ್ಲ! ಹೀಗಾಗಿ ಅದರ ಆಕಾರ, ಮೈಮೇಲಿನ ಸಂಖ್ಯೆ, ಎಲ್ಲಕ್ಕಿಂತ ಹೆಚ್ಚಾಗಿ ಅದರ ಬಣ್ಣವೇ ಅದರ ಕಥೆಯನ್ನು ಹೇಳಬೇಕು. ಆ ಬಣ್ಣದಲ್ಲಿ ತಪ್ಪಿದರೆ ಕಥೆಯೇ ತಪ್ಪಿದಂತೆ.

ರಾಣಿಜೇನು ಮತ್ತು ಗಂಡುಜೇನು

ಡ್ರೋನ್ ಎಂಬ ಇಂಗ್ಲಿಷ್ ಶಬ್ದದ ಮೂಲಾರ್ಥ ಗಂಡುಜೇನು. ಈ ಹೆಸರಿನ ಹಿಂದೆ ಒಂದು ರಾಣಿಜೇನು ಇದೆಯೆಂದು ಹೇಳುತ್ತಾರೆ. ವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿ ದಳದವರಿಗೆ ಅಭ್ಯಾಸಕ್ಕೆಂದು ಬ್ರಿಟಿಷರು 1935ರಲ್ಲಿ ರೇಡಿಯೋ ಆಜ್ಞೆಗೆ ಒಳಪಟ್ಟು ಹಾರುವ ಒಂದು ವಿಮಾನವನ್ನು ಸಿದ್ಧಪಡಿಸಿದರು. ಡಿ ಹ್ಯಾವಿಲೆಂಡ್ ಕಂಪನಿಯ ಆ ವಿಮಾನಕ್ಕೆ ‘ಕ್ವೀನ್ ಬೀ’ ಎಂದು ಹೆಸರಾಯಿತು. ಅದನ್ನು ಕಂಡು ತಮ್ಮಲ್ಲಿಯೂ ಅಂಥದೇ ಪ್ರಯತ್ನಕ್ಕೆ ತೊಡಗಿದ ಅಮೆರಿಕದ ನೌಕಾಪಡೆಯವರು, ರಾಣಿಯ ಗೌರವಕ್ಕೆಂಬಂತೆ, ತಮ್ಮ ಯಂತ್ರಗಳನ್ನು ಗಂಡುಜೇನು ಎಂದು ಕರೆದರಂತೆ.

ಕ್ವೀನ್ ಬೀ ವಿಮಾನದ ಮಾದರಿ ಮಾಡಹೊರಟವನಿಗೆ ಮೊದಲ ಹೆಜ್ಜೆಯಲ್ಲೇ ಒಂದು ಗುಂಡಿ ಕಾದಿದೆ. ನೋಟಕ್ಕೆ ಅದು ಪ್ರಸಿದ್ಧವಾದ ‘ಟೈಗರ್ ಮಾತ್’ ವಿಮಾನವೇ. ಎರಡಂತಸ್ತಿನ ರೆಕ್ಕೆಗಳೂ ಅದರವೇ. ಅಂಗಡಿಯಲ್ಲಿ ದೊರೆಯುವ ಟೈಗರ್ ಮಾತ್ ಪೆಟ್ಟಿಗೆಯನ್ನು ತಂದು, ಸಂಖ್ಯೆಯನ್ನು ಬದಲಾಯಿಸಿದರೆ ಆಯಿತಲ್ಲ ಎನಿಸುವುದು ಸಹಜ. ಆದರೆ ಟೈಗರ್ ಮಾತ್‌ನ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟಿನದು. ಕ್ವೀನ್ ಬೀ ವಿಮಾನದ್ದು ಮರದ್ದು. ಗುಂಡಿಗೆ ಆಹುತಿಯಾಗಲೆಂದೇ ಹುಟ್ಟಿದ ವಿಮಾನಕ್ಕೆ ಅಗ್ಗದ ಒಡಲೇ ಸಾಕೆಂಬುದು ಲೆಕ್ಕಾಚಾರ. ರೇಡಿಯೋ ಉಪಕರಣಗಳನ್ನು ಹಿಂದಿನ ಆಸನದ ಜಾಗದಲ್ಲಿ ಇಡಲಾಗಿತ್ತು. ವಿದ್ಯುತ್ತಿಗಾಗಿ ಮೈಯ ಪಕ್ಕದಲ್ಲಿ ಗಾಳಿಗೆ ತಿರುಗುವ ಪುಟ್ಟದೊಂದು ಚಕ್ರವಿತ್ತು. ಮುಂದಿನ ಆಸನವನ್ನು ಮಾತ್ರ ಉಳಿಸಿಕೊಂಡಿದ್ದರು. ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವಾಗ ಮನುಷ್ಯನೇ ಅದನ್ನು ನಡೆಸಬಹುದಾಗಿತ್ತು. ಈ ಪುಟ್ಟ ಗಾಳಿಚಕ್ರವನ್ನು ಮರೆತ ಮಾದರಿ ಟೈಗರ್ ಮಾತ್ ಆಗಿಯೇ ಉಳಿಯುತ್ತದೆ.

1941ರ ಜೂನ್ 6ರಂದು ಪ್ರಧಾನಿ ಚರ್ಚಿಲ್ಲರು ಕ್ವೀನ್ ಬೀ ಹಾರಾಟವನ್ನು ನೋಡಲು ಬಂದಾಗ ತೆಗೆದ ಛಾಯಾಚಿತ್ರವಿದೆ. ಅದು ಕಪ್ಪುಬಿಳುಪಿನದು. ಹಳೆಯ ಛಾಯಾಚಿತ್ರಗಳನ್ನು ನೋಡಿ ಬಣ್ಣ ಊಹಿಸುವವರು ಇಲ್ಲಿ ಎಚ್ಚರದಿಂದಿರಬೇಕು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿಯೂ ಹಳದಿಯು ಮಬ್ಬಾಗಿಯೂ ಮೂಡುತ್ತಿತ್ತು. ಚಿತ್ರದಲ್ಲಿ ಕಪ್ಪಗೆ ಕಂಡದ್ದೆಲ್ಲ ಕಪ್ಪಲ್ಲ.

ಎರಡನೆಯ ಮಹಾಯುದ್ಧ ಕಾಲದಲ್ಲಿ ಅಮೆರಿಕದಲ್ಲಿ ಇದೇ ಕೆಲಸಕ್ಕೆ ಪುಟ್ಟ ವಿಮಾನಗಳನ್ನು ತಯಾರಿಸಿದ್ದು ರೇಡಿಯೋಪ್ಲೇನ್ ಕಂಪನಿ. ಅದನ್ನು ಸ್ಥಾಪಿಸಿದವನು ರೆಜಿನಾಲ್ಡ್ ಡೆನ್ನಿ ಎಂಬ ಚಿತ್ರನಟ. ಆ ಕಾರ್ಖಾನೆಗೆ ಬಂದ ಸೈನ್ಯದ ಛಾಯಾಗ್ರಾಹಕ ಡೇವಿಡ್ ಕಾನೊವರ್, ಕೆಲಸ ಮಾಡುತ್ತಿದ್ದ ತರುಣಿಯೊಬ್ಬಳ ಚಿತ್ರಗಳನ್ನು ತೆಗೆದ. ಅವಳೇ ಮುಂದೆ ಮರ್ಲಿನ್ ಮನ್ರೋ ಎಂದು ಲೋಕಪ್ರಸಿದ್ಧಳಾದಳು. ಆ ಚಿತ್ರಗಳಲ್ಲಿ ಎಲ್ಲರೂ ತರುಣಿಯ ಮುಖವನ್ನು ನೋಡಿದರೆ, ಮಾದರಿ ಮಾಡುವವನೊಬ್ಬ ಮಾತ್ರ ಅವಳ ಕೈಯಲ್ಲಿರುವ ಪ್ರೊಪೆಲ್ಲರನ್ನು ನೋಡುತ್ತಾನೆ. ಅದಕ್ಕೆ ಕಾರಣವುಂಟು: ಆ ಕಂಪನಿಯ ಓಕ್ಯೂ–2 ವಿಮಾನಕ್ಕೆ ಒಂದರ ಹಿಂದೊಂದು, ಎದುರುಬದುರು ದಿಕ್ಕಿಗೆ ತಿರುಗುವ ಎರಡು ಪ್ರೊಪೆಲ್ಲರುಗಳಿದ್ದವು, ಅನಂತರದ ಓಕ್ಯೂ–3ಕ್ಕೆ ಒಂದೇ. ಎಣಿಕೆ ತಪ್ಪಿದರೆ ಜಾತಿಯೇ ಬದಲಾಗುತ್ತದೆ.

ಒಂದಂಗುಲಕ್ಕೆ ಆರಡಿ

ಮಾದರಿಗಳ ಲೋಕದಲ್ಲಿ ಹೆಚ್ಚು ರೂಢಿಯಲ್ಲಿರುವ ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು. ಅದರ ಲೆಕ್ಕ ಸುಲಭ. ಆರಡಿಗೆ ಎಪ್ಪತ್ತೆರಡು ಅಂಗುಲ. ಆದ್ದರಿಂದ ನಿಜದ ಆರಡಿ ಮಾದರಿಯಲ್ಲಿ ಒಂದಂಗುಲವಾಗುತ್ತದೆ. ಸುಮಾರು 7 ಮೀಟರ್ ಉದ್ದದ ವಿಮಾನವು ಈ ಅಳತೆಯಲ್ಲಿ 10 ಸೆಂಟಿಮೀಟರಿಗೂ ಕಡಿಮೆ. ಡ್ರೋನುಗಳು ಸ್ವಭಾವತಃ ಚಿಕ್ಕವಾದ್ದರಿಂದ ನಲವತ್ತೆಂಟರಲ್ಲಿ ಒಂದು ಪಾಲಿನ ಅಳತೆಯನ್ನು ಮೆಚ್ಚುವವರೂ ಉಂಟು. ಆಗ ಅದೇ ವಿಮಾನ ಹದಿನಾಲ್ಕೂವರೆ ಸೆಂಟಿಮೀಟರಿಗೆ ಬೆಳೆಯುತ್ತದೆ.

ಅಳತೆ ಕುಗ್ಗಿದಂತೆ ತಪ್ಪುಗಳು ಕುಗ್ಗುವುದಿಲ್ಲ, ಹಿಗ್ಗುತ್ತವೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪಕ್ಕೆ ಬಣ್ಣ ಬಳಿದರೆ, ನಿಜವಾದ ವಿಮಾನಕ್ಕೆ 7 ಮಿಲಿಮೀಟರ್ ದಪ್ಪದ ಗಿಲಾವು ಮಾಡಿದಂತಾಯಿತು. ಆದುದರಿಂದಲೇ ನುರಿತವರು ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚುತ್ತಾರೆ. ಅನುಕೂಲವುಳ್ಳವರು ಏರ್‌ಬ್ರಷ್ಷಿನಿಂದ ಸಿಂಪಡಿಸುತ್ತಾರೆ. ಕೂಡುಗೆರೆಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಡ್ರೋನಿಗೆ ಗಾಜಿನ ಗೂಡಿಲ್ಲ. ಕಣ್ಣನ್ನು ಅತ್ತ ಸೆಳೆದು ತಪ್ಪನ್ನು ಮರೆಸುವ ಚಾಲಕನ ಗೊಂಬೆಯೂ ಇಲ್ಲ. ನುಣ್ಣನೆಯ ಬರಿಮೈಯ ಮೇಲೆ ಒಂದು ಗೀರು ಉಳಿದರೂ ಅದೇ ಎದ್ದು ಕಾಣುತ್ತದೆ.

ಕಾಣಬೇಕಾದ ಬಣ್ಣ

ಅಮೆರಿಕದ ರಯಾನ್ ಕಂಪನಿಯ ‘ಫೈರ್‌ಬೀ’ ಮೊದಲ ಬಾರಿ ಹಾರಿದ್ದು 1951ರಲ್ಲಿ. ಜೆಟ್ ಎಂಜಿನ್ನಿನ ಈ ವಿಮಾನವೂ ಗುರಿಯಾಗಲೆಂದೇ ಹುಟ್ಟಿದ್ದು. ಇದರ ಬಣ್ಣ ಕಣ್ಣುಕುಕ್ಕುವ ಕಿತ್ತಳೆಗೆಂಪು. ಕಾರಣ ಸ್ಪಷ್ಟ: ಗುಂಡು ಹೊಡೆಯುವವನಿಗೂ ಅದು ಕಾಣಬೇಕು; ಅನಂತರ ಪ್ಯಾರಾಚೂಟಿನಲ್ಲಿ ಇಳಿದುಬಂದಾಗ ಮರುಭೂಮಿಯಲ್ಲೋ ಕಡಲಿನಲ್ಲೋ ಹುಡುಕುವವನಿಗೂ ಅದು ಕಾಣಬೇಕು. ಕಾಣುವುದೇ ಅದರ ಧರ್ಮ.

‘ಕಿತ್ತಳೆ’ ಎಂದರೆ ಯಾವ ಕಿತ್ತಳೆ? ಇಲ್ಲಿ ಹವ್ಯಾಸಿಗೆ ನೆರವಾಗುವುದು ಅಮೆರಿಕದ ಸರ್ಕಾರ 1956ರಲ್ಲಿ ತಂದ 595ನೆಯ ಸಂಖ್ಯೆಯ ಬಣ್ಣಗಳ ಪಟ್ಟಿ. 2017ರಲ್ಲಿ ಅದನ್ನು ಬೇರೊಂದು ಸಂಸ್ಥೆ ವಹಿಸಿಕೊಂಡಿತಾದರೂ ಅಂಕೆಗಳ ಪದ್ಧತಿ ಹಾಗೆಯೇ ಉಳಿಯಿತು. ಪ್ರತಿಯೊಂದು ಬಣ್ಣಕ್ಕೂ ಐದು ಅಂಕೆಗಳು. ಮೊದಲನೆಯದು ಹೊಳಪನ್ನು ಹೇಳುತ್ತದೆ: 1 ಎಂದರೆ ಹೊಳಪು, 2 ಎಂದರೆ ಅರೆಹೊಳಪು, 3 ಎಂದರೆ ಮಂಕು. ಎರಡನೆಯದು ಬಣ್ಣದ ಕುಲವನ್ನು ಹೇಳುತ್ತದೆ: 2 ಕಿತ್ತಳೆಯ ಕುಲ, 6 ಬೂದಿಯ ಕುಲ, 8 ಫ್ಲೋರೊಸೆಂಟ್ ಬಣ್ಣಗಳ ಕುಲ. ‘ಅಂತರರಾಷ್ಟ್ರೀಯ ಕಿತ್ತಳೆ’ಯ ಸಂಖ್ಯೆ 12197, ಅಂದರೆ ಕಿತ್ತಳೆಯ ಕುಲದ ಹೊಳಪಿನ ಬಣ್ಣ. 36375 ಎಂದರೆ ಮಂಕಾದ ಒಂದು ಬೂದು. ಈ ಅಂಕೆಗಳನ್ನು ಬಲ್ಲವನು ಬಣ್ಣದ ಡಬ್ಬಿಯ ಮೇಲಿನ ಆಕರ್ಷಕ ಹೆಸರುಗಳಿಗೆ ಮರುಳಾಗುವುದಿಲ್ಲ.

ಫ್ಲೋರೊಸೆಂಟ್ ಬಣ್ಣದ್ದು ಒಂದು ವಿಶೇಷ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ, ಕಾಣುವ ಬೆಳಕಾಗಿ ಮರಳಿಸುತ್ತದೆ. ಆದುದರಿಂದಲೇ ಅದು ತಾನೇ ಉರಿಯುತ್ತಿರುವಂತೆ ತೋರುವುದು. ಆದರೆ ಅದು ಬಲು ತೆಳು, ತಳವನ್ನು ಮುಚ್ಚುವುದಿಲ್ಲ. ಮೊದಲು ಅಚ್ಚಬಿಳಿಯ ತಳಬಣ್ಣ ಕೊಟ್ಟು, ಅದರ ಮೇಲೆ ಹಲವು ಪದರ ಹಚ್ಚಿದರೆ ಮಾತ್ರ ಅದರ ತೇಜಸ್ಸು ಬರುತ್ತದೆ. ನಿಜವಾದ ವಿಮಾನಗಳ ಮೇಲೆ ಈ ಬಣ್ಣ ಬಿಸಿಲಿಗೆ ಬೇಗನೆ ಮಾಸುತ್ತಿತ್ತು. ಹೊಡೆತ ತಿಂದು, ದುರಸ್ತಿಯಾಗಿ, ಮತ್ತೆ ಹಾರಿದ ಫೈರ್‌ಬೀ ವಿಮಾನದ ಒಂದು ಹಲಗೆ ಹೊಚ್ಚಹೊಸದಾಗಿಯೂ ಪಕ್ಕದ್ದು ಮಾಸಲಾಗಿಯೂ ಇದ್ದರೆ ಅದು ಸಹಜವೇ. ಹಲವು ಫೈರ್‌ಬೀಗಳ ಮೂತಿಯ ಕೆಳಗಿನ ಗಾಳಿಬಾಯಿಗೆ ಶಾರ್ಕ್ ಮೀನಿನ ಹಲ್ಲುಗಳನ್ನು ಬರೆಯುತ್ತಿದ್ದರು. ಅದು ಎಷ್ಟು ಚೆಂದವೆಂದರೆ, ಎಲ್ಲ ಮಾದರಿಗಳಿಗೂ ಬರೆಯೋಣವೆನ್ನಿಸುತ್ತದೆ. ತಾನು ಆರಿಸಿಕೊಂಡ ಸಂಖ್ಯೆಯ ವಿಮಾನಕ್ಕೆ ಹಲ್ಲುಗಳಿದ್ದವೆ ಎಂದು ಚಿತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳುವವನೇ ನಿಜವಾದ ಹವ್ಯಾಸಿ.

ಇದೇ ಕಿತ್ತಳೆಗೆಂಪಿನ ಬಳಗಕ್ಕೆ ಕನ್ನಡ ನಾಡಿನಿಂದಲೂ ಒಬ್ಬ ಸದಸ್ಯನಿದ್ದಾನೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಂದರೆ ಎ.ಡಿ.ಇ., ರೂಪಿಸಿದ ‘ಲಕ್ಷ್ಯ’ ವಿಮಾನವು ಭಾರತೀಯ ಸೇನೆಗಳ ಗುರಿಯಭ್ಯಾಸಕ್ಕಾಗಿ ಹುಟ್ಟಿದ್ದು. ಅದರ ಜೆಟ್ ಎಂಜಿನನ್ನು ತಯಾರಿಸಿದ್ದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ. ಲಕ್ಷ್ಯವು ತಾನೇ ಗುಂಡಿಗೆ ಎದೆಯೊಡ್ಡುವುದಕ್ಕಿಂತ, ತನ್ನ ಹಿಂದೆ ಬಹುದೂರದಲ್ಲಿ ತಂತಿಯಿಂದ ಒಂದು ಗುರಿಯನ್ನು ಎಳೆದೊಯ್ಯುತ್ತದೆ; ಕೆಲಸ ಮುಗಿದ ಮೇಲೆ ಪ್ಯಾರಾಚೂಟಿನ ನೆರವಿನಿಂದ ಇಳಿಯುತ್ತದೆ. ನೆಲದ ಮೇಲೆ ಇಳಿಯುವಾಗ ಪೆಟ್ಟನ್ನು ನುಂಗಿಕೊಂಡು ತಾನು ನುಗ್ಗಾಗುವ ಮೂತಿ ಅದಕ್ಕಿದೆ. ಲಕ್ಷ್ಯದ ಮಾದರಿಯನ್ನು ಮಾಡಬಯಸುವ ಹವ್ಯಾಸಿಗೆ ಚೆನ್ನಪಟ್ಟಣದ ಬೊಂಬೆಗಾರರ ದಾರಿಯೊಂದು ತೆರೆದಿದೆ: ಉರುಟಾದ ಒಡಲನ್ನು ಹಾಲೆಮರದಲ್ಲಿ ಕಡೆಸಿ, ರೆಕ್ಕೆಗಳನ್ನು ತೆಳ್ಳನೆಯ ಹಲಗೆಯಲ್ಲಿ ಕೊಯ್ದು ಕೂಡಿಸಬಹುದು.

ಕಾಣಬಾರದ ಬಣ್ಣ

ಇಷ್ಟರವರೆಗೆ ಬಂದ ವಿಮಾನಗಳೆಲ್ಲ ತಾವು ಏಟು ತಿನ್ನುವಂಥವು. 1960ರ ದಶಕದಲ್ಲಿ ಕಥೆ ತಿರುಗಿತು. ಅಮೆರಿಕದವರು ಅದೇ ಫೈರ್‌ಬೀ ಒಡಲಿಗೆ ಕ್ಯಾಮರಾ ಅಳವಡಿಸಿ, ಶತ್ರುದೇಶದ ಮೇಲೆ ಬೇಹಿಗೆ ಕಳುಹಿಸಲು ಯೋಚಿಸಿದರು. ‘ಲೈಟ್ನಿಂಗ್ ಬಗ್’ ಎಂದು ಹೆಸರಾದ ಈ ಡ್ರೋನುಗಳು 1964ರಿಂದ 1975ರವರೆಗೆ ಚೀನಾ, ವಿಯೆಟ್ನಾಂ ಮೊದಲಾದ ದೇಶಗಳ ಮೇಲೆ 3,400ಕ್ಕೂ ಹೆಚ್ಚು ಸಲ ಹಾರಿದವು. ಡಿಸಿ–130 ಎಂಬ ದೊಡ್ಡ ವಿಮಾನದ ರೆಕ್ಕೆಯಡಿಯಿಂದ ಅವನ್ನು ಬಿಡುತ್ತಿದ್ದರು. ಹಿಂದಿರುಗಿ ಪ್ಯಾರಾಚೂಟಿನಲ್ಲಿ ತೇಲಿಬರುವಾಗ ಹೆಲಿಕಾಪ್ಟರೊಂದು ಅಂತರಾಳದಲ್ಲೇ ಕೊಕ್ಕೆ ಹಾಕಿ ಹಿಡಿದುಕೊಳ್ಳುತ್ತಿತ್ತು.

ಒಡಲು ಅದೇ, ಧರ್ಮ ಮಾತ್ರ ತಿರುವುಮುರುವು. ಕಾಣುವುದಕ್ಕಾಗಿ ಹುಟ್ಟಿದ್ದು ಈಗ ಕಾಣದಂತೆ ಹೋಗಬೇಕಾಯಿತು. ಕಿತ್ತಳೆಯನ್ನು ಅಳಿಸಿ ಬೂದು, ಕಪ್ಪು ಮೊದಲಾದ ಮಂಕು ಬಣ್ಣಗಳು ಬಂದವು. ರೆಕ್ಕೆಗಳೂ ಬದಲಾದವು: ಬಹು ಎತ್ತರದಲ್ಲಿ ಹಾರುವ ಬಗೆಗೆ 27 ಅಡಿಯ ರೆಕ್ಕೆ, ನೆಲಕ್ಕೆ ಹತ್ತಿರವಾಗಿ ನುಗ್ಗುವ ಬಗೆಗೆ 13 ಅಡಿಯದು. ನಲವತ್ತೆಂಟರ ಅಳತೆಯಲ್ಲಿ ಇವು ಕ್ರಮವಾಗಿ 17 ಮತ್ತು 8 ಸೆಂಟಿಮೀಟರುಗಳಷ್ಟಾಗುತ್ತವೆ. ಉದ್ದನೆಯ ರೆಕ್ಕೆಯನ್ನು ಜೋಡಿಸಿ ತಗ್ಗಿನಲ್ಲಿ ಹಾರುವ ವಿಮಾನದ ಸಂಖ್ಯೆಯನ್ನು ಬರೆದರೆ, ಬಲ್ಲವರು ಕಪಾಟಿನ ಮುಂದೆ ನಿಂತು ಮೌನವಾಗಿ ನಗುತ್ತಾರೆ.

ಇವುಗಳಲ್ಲಿ ‘ಟಾಮ್ ಕ್ಯಾಟ್’ ಎಂಬ ಅಡ್ಡಹೆಸರಿನ ಒಂದು ಡ್ರೋನ್ 68 ಸಲ ಹೋಗಿ, 1974ರಲ್ಲಿ ಕೊನೆಯ ಯಾತ್ರೆಯಿಂದ ಮರಳಲಿಲ್ಲ. ಅದರ ಮಾದರಿಗೆ ಎಷ್ಟು ಯಾತ್ರೆಗಳ ಗುರುತು ಬರೆಯಬೇಕು? ಅರವತ್ತೆಂಟೆಂದು ಬರೆದರೆ ತಪ್ಪಾಯಿತು. ಅರವತ್ತೆಂಟನೆಯದಕ್ಕೆ ಗುರುತು ಹಾಕಲು ಆ ವಿಮಾನವೇ ಇರಲಿಲ್ಲ. ಇಂಥ ಚಿಕ್ಕ ಲೆಕ್ಕದಲ್ಲಿ ಒಂದು ವಿಮಾನದ ಬಾಳೇ ಅಡಗಿರುತ್ತದೆ. ಚೀನಾದವರು 1964ರ ನವೆಂಬರ್ 15ರಂದು ಮೊದಲ ಲೈಟ್ನಿಂಗ್ ಬಗ್ಗನ್ನು ಹೊಡೆದುರುಳಿಸಿದರು. ತಮಗೆ ಸಿಕ್ಕ ಅವಶೇಷಗಳನ್ನು ಪ್ರದರ್ಶನಕ್ಕಿಟ್ಟರು. ನೋಡಿ ಕಲಿತು ತಮ್ಮದೇ ಒಂದನ್ನು ಕಟ್ಟಿದರು.

3034

ಇಲ್ಲಿಂದ ಮುಂದಿನ ಹೆಜ್ಜೆ ‘ಪ್ರಿಡೇಟರ್’. 1994ರಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ಸುಮಾರು 15 ಮೀಟರಿನ ನೀಳವಾದ ರೆಕ್ಕೆ, ಕೆಳಮುಖವಾಗಿ ಬಾಗಿದ ಬಾಲ, ಹಿಂದಿನಿಂದ ನೂಕುವ ಪ್ರೊಪೆಲ್ಲರ್, ಉಪಗ್ರಹ ಸಂಪರ್ಕದ ತಟ್ಟೆಯನ್ನು ಅಡಗಿಸಿಕೊಂಡ ಉಬ್ಬುಹಣೆ, ಗದ್ದದ ಕೆಳಗೆ ತಿರುಗುವ ಕ್ಯಾಮರಾ ಗುಂಡು. ಇದರ ಮಾದರಿ ಮಾಡುವವನು ಮೂತಿಯೊಳಗೆ ಗಾಳದ ಸೀಸದ ಗುಂಡೊಂದನ್ನು ಮರೆಯದೆ ಇಡಬೇಕು; ಇಲ್ಲವಾದರೆ ಹಿಂಭಾರವಾಗಿ ಬಾಲದ ಮೇಲೆ ಕುಕ್ಕರಿಸುತ್ತದೆ. ಬಣ್ಣ ತೆಳುಬೂದು, ದೂರದ ಆಕಾಶದಲ್ಲಿ ಕರಗಿಹೋಗುವಂಥದು.

ಈ ವಿಮಾನದ ಇತಿಹಾಸದಲ್ಲಿ ತಾರೀಖಿನ ಬೆಲೆ ಇನ್ನೂ ಹೆಚ್ಚು. 1995ರಲ್ಲಿ ಬಾಸ್ನಿಯಾದ ಮೇಲೆ ಹಾರಿದಾಗ ಅದು ಕೇವಲ ಬೇಹಿನ ಕಣ್ಣು, ಆಯುಧವಿರಲಿಲ್ಲ. 2001ರ ಫೆಬ್ರವರಿಯಲ್ಲಿ ಪ್ರಯೋಗಾರ್ಥವಾಗಿ ಅದರಿಂದ ಹೆಲ್‌ಫೈರ್ ಕ್ಷಿಪಣಿಯನ್ನು ಹಾರಿಸಿದರು. ಅದೇ ವರ್ಷ ಅಕ್ಟೋಬರ್ 7ರಂದು, ಅಫ್ಘಾನಿಸ್ತಾನದ ಯುದ್ಧದ ಮೊದಲ ರಾತ್ರಿ, 3034 ಸಂಖ್ಯೆಯ ಪ್ರಿಡೇಟರ್ ಕಂದಹಾರದ ಬಳಿ ಕ್ಷಿಪಣಿಯನ್ನು ಸಿಡಿಸಿತು. ಡ್ರೋನೊಂದು ಯುದ್ಧದಲ್ಲಿ ಹೆಲ್‌ಫೈರ್ ಪ್ರಯೋಗಿಸಿದ್ದು ಅದೇ ಮೊದಲು. ಮುಂದೆ ಅದು ಆ ದೇಶದ ಮೇಲೆ ಒಟ್ಟು 196 ಯಾತ್ರೆಗಳನ್ನು ಪೂರೈಸಿ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ‘ಆರ್‌ಕ್ಯೂ–1’ ಎಂಬ ಬೇಹಿನ ಹೆಸರು ಹೋಗಿ ‘ಎಂಕ್ಯೂ–1’ ಎಂಬ ಹೆಸರು ಬಂದದ್ದು 2002ರಲ್ಲಿ. ಅಮೆರಿಕದ ವಾಯುಪಡೆ ಪ್ರಿಡೇಟರನ್ನು ನಿವೃತ್ತಿಗೊಳಿಸಿದ್ದು 2018ರಲ್ಲಿ.

ಪೆಟ್ಟಿಗೆಯಲ್ಲಿ ಎರಡು ಕ್ಷಿಪಣಿಗಳು ಬಂದಿವೆ, ತೂಗುಹಾಕಿದರೆ ಮಾದರಿ ಗತ್ತಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಬಾಸ್ನಿಯಾದ ವಿಮಾನಕ್ಕೆ ಅವನ್ನು ಸೇರಿಸಿದರೆ, ಇಲ್ಲದ ಸಾವುಗಳನ್ನು ಇತಿಹಾಸಕ್ಕೆ ಸೇರಿಸಿದಂತೆ. 3034ರ ಮಾದರಿಯಲ್ಲಿ, ಮಕ್ಕಳಿರುವ ಮನೆ, ಯಾಕೆ ಬೇಕೆಂದು ಅವನ್ನು ಬಿಟ್ಟುಬಿಟ್ಟರೆ, ನಡೆದ ಸಾವುಗಳನ್ನು ಅಳಿಸಿದಂತೆ. ಅಂದಕ್ಕಾಗಿ ಏನನ್ನೂ ಕೂಡಿಸಬಾರದು, ಸಂಕೋಚಕ್ಕಾಗಿ ಏನನ್ನೂ ಕಳೆಯಬಾರದು ಎಂಬುದು ಈ ಹವ್ಯಾಸದ ನೀತಿ. ಕಿತ್ತಳೆಯ ಗುರಿವಿಮಾನ ಉರುಳಿದರೆ ನಷ್ಟವಾಗುತ್ತಿದ್ದುದು ಖಜಾನೆಗೆ. ಬೂದುಬಣ್ಣದ ಈ ವಿಮಾನ ಗುರಿಯಿಟ್ಟಾಗ ನಷ್ಟವಾದದ್ದು ಯಾರದೋ ಮನೆಗೆ. ಎರಡರ ನಡುವಣ ಅಂತರವನ್ನು ಬಣ್ಣವೇ ಹೇಳುತ್ತಿದೆ. ಅದನ್ನು ಸರಿಯಾಗಿ ಹಚ್ಚಿದವನು ಬಾಯಿಬಿಟ್ಟು ಹೇಳಬೇಕಾದದ್ದಿಲ್ಲ.

ಅಳತೆಗೆ ತಕ್ಕಂತೆ ಮಾಡಲಾಗದ ವಸ್ತುವೊಂದು ಮಾತ್ರ ಉಳಿದೇ ಉಳಿಯುತ್ತದೆ. 3034 ಕಂದಹಾರದ ಮೇಲೆ ಹಾರುತ್ತಿದ್ದಾಗ ಅದನ್ನು ನಡೆಸುವವರ ಕುರ್ಚಿಗಳಿದ್ದದ್ದು ಅಮೆರಿಕದಲ್ಲಿ, ಸುಮಾರು 11,000 ಕಿಲೋಮೀಟರುಗಳಾಚೆ. ಈ ದೂರವನ್ನೂ ಎಪ್ಪತ್ತೆರಡರಿಂದ ಭಾಗಿಸಿದರೆ 150 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ವಿಮಾನದ ಮಾದರಿಯನ್ನು ಬೆಂಗಳೂರಿನ ಕಪಾಟಿನಲ್ಲಿಟ್ಟರೆ, ಅದರ ಚಾಲಕನ ಒಂದಂಗುಲದ ಗೊಂಬೆಯನ್ನು ಮೈಸೂರನ್ನು ದಾಟಿ ಇಡಬೇಕಾದೀತು.

ಆದುದರಿಂದ ಮಾದರಿಯ ಪೀಠದ ಮೇಲೆ ಒಂದು ಚಿಕ್ಕ ಚೀಟಿ ಇರುವುದು ಒಳ್ಳೆಯದು: ವಿಮಾನದ ಹೆಸರು, ಅದರ ಸಂಖ್ಯೆ, ಹಾರಿದ ತಾರೀಖು, ಹಾರಿದ ಜಾಗ, ನಡೆಸಿದವರು ಕುಳಿತಿದ್ದ ಜಾಗ. ಕಪಾಟಿನ ಮುಂದೆ ನಿಂತ ಮಕ್ಕಳು ಕೇಳುವ ಮೊದಲ ಪ್ರಶ್ನೆ ‘ಇದರ ಪೈಲಟ್ ಎಲ್ಲಿ?’ ಎಂಬುದೇ. ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಬಲ್ಲ ಮನೆಯಲ್ಲಿ ಮಾದರಿಯು ಆಟಿಕೆಯಾಗಿ ಉಳಿಯದೆ ಪಾಠವಾಗುತ್ತದೆ.